ಕೆಂಪಗೆ ತಿರುಗಿದ ಭಂಡಾರ

ಕರಗಿದ ಬೆಸುಗೆಗೂ ನನ್ನ ಮೂಗಿಗೂ ನಡುವೆ ಒಂದು ಗೇಣು ಅಂತರವಿತ್ತು.

ಇನ್ನೂರೈವತ್ತು ಡಿಗ್ರಿ ಶಾಖ. ಕನ್ನಡಿಯಂತೆ ಹೊಳೆಯುವ ಸೀಸ-ತವರದ ಕೊಳ. ಅದರಲ್ಲಿ ನನ್ನ ಮುಖ ಕಾಣುತ್ತಿತ್ತು... ಚೆನ್ನಾಗೇನೂ ಕಾಣುತ್ತಿರಲಿಲ್ಲ.

ಕತ್ತಿನ ಮೇಲೆ ಪ್ರಲ್ಹಾದನ ಕೈ. ಪ್ರಲ್ಹಾದ ಈ ಕಾರ್ಖಾನೆಯ ಪ್ರೊಡಕ್ಷನ್ ಮ್ಯಾನೇಜರ್. ಅದಕ್ಕೂ ಮೊದಲು ಸೊಲ್ಲಾಪುರದ ತಾಲೀಮಿನಲ್ಲಿ ಕುಸ್ತಿ ಹಿಡಿದವನು. ಹಳೆಯ ವಿದ್ಯೆ ಮರೆತಿರಲಿಲ್ಲ.

"ಬೋರ್ಡ್ ಎಲ್ಲಿ ಅದಾವ?"

"ಯಾವ ಬೋರ್ಡ್?"

ಒಂದು ಗೇಣು ಅರ್ಧ ಗೇಣಾಯಿತು.

"ಮಾಂತು, ನಿನ್ನ ಮೀಸಿ ಚಂದ ಅದ. ಸುಡಸ್ಕೋಬ್ಯಾಡ."

ಮೀಸೆ ಸುಡುವ ವಾಸನೆ ಆಗಲೇ ಬರುತ್ತಿತ್ತು.

ಮೂರು ಬೋರ್ಡುಗಳು ಹೊರಗೆ ನನ್ನ ಬೈಕಿನ ಹ್ಯಾಂಡಲ್‌ಗೆ ನೇತುಹಾಕಿದ ಊಟದ ಚೀಲದಲ್ಲಿದ್ದವು. ರೊಟ್ಟಿಯ ಕೆಳಗೆ. ಅದನ್ನು ನಾನು ಹೇಳುವವನಲ್ಲ. ಹೇಳಿದರೆ ಸಂಜೆ ನಾಲ್ಕಕ್ಕೆ ಒಬ್ಬ ಹೆಂಗಸು ತಾನು ಮಾಡದ ತಪ್ಪಿಗೆ ಸಹಿ ಹಾಕಿ ಜೈಲಿಗೆ ಹೋಗುತ್ತಾಳೆ.

ನಾನು ಅಲ್ಲಿಗೆ ಕಳ್ಳತನಕ್ಕೆ ಹೋದವನಲ್ಲ. ಅವರೇ ಕರೆಸಿದ್ದರು. ಬೆಳಿಗ್ಗೆ ಒಂಬತ್ತರಿಂದ ಹೇಳುತ್ತೇನೆ, ಕೇಳಿ.

ನನ್ನ ಕೆಲಸ ಸತ್ತ ಬೋರ್ಡುಗಳ ಪೋಸ್ಟ್‌ಮಾರ್ಟಮ್. ಟಿ.ವಿ., ತೂಕದ ಯಂತ್ರ, ಟೆಲಿಫೋನು... ಏನೇ ಇರಲಿ, ಒಳಗೊಂದು ಹಸಿರು ಬೋರ್ಡು ಇರುತ್ತದೆ. ಅದು ಯಾಕೆ ಕೆಟ್ಟಿತು ಎಂದು ಬರೆದುಕೊಡುವವನು ನಾನು. ಬಿಜಾಪುರದ ಡಿಪ್ಲೊಮಾ, ಒಂದು ಭೂತಗನ್ನಡಿ, ಒಂದು ಮೀಟರು, ನಿಗಡಿಯಲ್ಲಿ ಒಂದು ಖೋಲಿ. ಇಷ್ಟೇ ನನ್ನ ಆಸ್ತಿ.

೧೯೯೯ರ ಜುಲೈ. ಪುಣೆಗೆ ಮಳೆ ಹಿಡಿದು ಮೂರು ವಾರವಾಗಿತ್ತು. ಭೋಸರಿಯ ಕಾರ್ಖಾನೆಗಳ ಸಾಲಿನಲ್ಲಿ ಬಸವಪ್ರಭು ಅವರ ಷೆಡ್ಡು. ಅವರು ಬೆಳಗಾವಿ ಕಡೆಯವರು. ಅಪ್ಪ ಅರಳೆ ವ್ಯಾಪಾರಿ, ಮಗ ಬೋರ್ಡ್ ವ್ಯಾಪಾರಿ. ಹಣೆಯ ತುಂಬ ವಿಭೂತಿ, ಮಾತಿನ ತುಂಬ ಬೆಲ್ಲ.

ಮೇಜಿನ ಮೇಲೆ ಪೊಲೀಸರು ತೆಗೆದ ಒಂದು ಬಣ್ಣದ ಫೋಟೋ ಇತ್ತು. ಅವರ ಕಾರ್ಖಾನೆಯಲ್ಲೇ ಮಾಡಿದ, ಲಿಫ್ಟ್ ನಡೆಸುವ ಬೋರ್ಡಿನದು.

ಕೋಥರೂಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನೀತಾ ಎಂಬ ಶಾಲೆಯ ಟೀಚರು ಮೂರನೇ ಮಹಡಿಯಲ್ಲಿ ಲಿಫ್ಟಿನೊಳಗೆ ಕಾಲಿಟ್ಟಿದ್ದರು. ಬಾಗಿಲು ತೆರೆದೇ ಇತ್ತು. ಲಿಫ್ಟು ಮೇಲಕ್ಕೆ ಹೊರಟುಬಿಟ್ಟಿತು. ಎಡಪಾದ ಹೋಯಿತು.

ಬಾಗಿಲು ಮುಚ್ಚಿದೆ ಎಂದು ಬೋರ್ಡು ಹೇಳಿದರೆ ಮಾತ್ರ ಲಿಫ್ಟು ಹೊರಡಬೇಕು. ಬಾಗಿಲು ಮುಚ್ಚಿರಲಿಲ್ಲ. ಬೋರ್ಡು ಸುಳ್ಳು ಹೇಳಿತ್ತು.

"ನೀ ಬರಿಯೂದು ಇಷ್ಟ ಮಾಂತು," ಅಂದರು ಬಸವಪ್ರಭು. "ಪ್ಯಾಕಿಂಗ್‌ದಾಗ ಯಮನವ್ವ ಅಂತ ಒಬ್ಬಾಕಿ ಅದಾಳ. ಜೂನ್‌ದಾಗ ಜೇಜುರಿ ಮೈಲಾರಲಿಂಗನ ಗುಡಿಗೆ ಹೋಗಿ ಭಂಡಾರದ ಅರಿಷಿಣ ತಂದ್ಲು. ನಲವತ್ತು ಬೋರ್ಡಿಗೆ ಭಂಡಾರ, ಕುಂಕುಮ ಹಚ್ಚಿ ಪೂಜಿ ಮಾಡ್ಯಾಳ. ಅದು ಮಳಿಗೆ ಹಸಿ ಆಗೇದ. ಕರೆಂಟ್ ಹರದದ."

"ಆಕಿ ಒಪ್ಪಿದಳೇನ್ರಿ?"

"ಹಚ್ಚೀನಿ ಅಂದಾಳ. ಮತ್ತೇನ್ ಬೇಕು? ನಾಲ್ಕಕ್ಕ ಇನ್‌ಸ್ಪೆಕ್ಟರ್ ಬರ್ತಾರ. ಆಕಿ ಸಹಿ, ನಿನ್ನ ಸಹಿ. ಮುಗೀತು."

"ಆಮ್ಯಾಲ ಆಕಿಗಿ ಏನಾಗತದ?"

"ಕೇಸ್ ಆಗತದ. ಚಿಂತಿ ಮಾಡಬ್ಯಾಡ, ವಕೀಲನ್ನ ನಾನ ಕೊಡ್ತೀನಿ. ಭಾಳ ವರ್ಷದಿಂದ ದುಡದಾಳ, ಪಾಪ."

ಅಷ್ಟರಲ್ಲಿ ಫೋನ್ ಬಂತು. ಮಗಳು ಶೈಲಶ್ರೀಯದು.

"ಇಲ್ಲವಾ... ಮೆಟ್ಟಿಲ ಹತ್ತಿ ಹೋಗು. ಆರನೇ ಮಾಳಿಗಿ ಆದ್ರ ಏನಾತು? ವ್ಯಾಯಾಮ ಆಗತದ. ನಾನೂ ಹತ್ತಾಕತ್ತಿಲ್ಲೇನು? ಅವ್ವಗೂ ಹೇಳು."

ಫೋನ್ ಇಟ್ಟರು. ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ. ಆ ಮಾತನ್ನು ಮಾತ್ರ ಗಂಟು ಹಾಕಿಟ್ಟುಕೊಂಡೆ.

ಯಮನವ್ವ ಪ್ಯಾಕಿಂಗ್ ಮೇಜಿನ ಹತ್ತಿರ ನಿಂತಿದ್ದಳು. ನಲವತ್ತರ ಆಸುಪಾಸು. ಕೆಲಸ ಬಿಡಿಸಿದ್ದರು. ಆದರೂ ಕೈ ಸುಮ್ಮನಿರದೆ ಖಾಲಿ ಡಬ್ಬಿಗಳನ್ನು ಜೋಡಿಸುತ್ತಿತ್ತು.

"ನೀ ಹಚ್ಚಿದ್ದು ಖರೇನ?"

"ಖರೇರಿ. ಹೆಬ್ಬೆರಳಲೇ ಒಂದೊಂದು ಬೊಟ್ಟು. ನಲವತ್ತಕ್ಕೂ."

"ಯಾಕ?"

"ಮಂದಿ ಏರಿ ಇಳೀತಾರಲ್ರಿ ಅದರಾಗ. ಮೈಲಾರಲಿಂಗಾ, ಕಾಯಪ್ಪಾ ಅಂದೆ."

ಒಂದು ಡಬ್ಬಿಯ ಮುಚ್ಚಳ ಹಾಕಿದಳು.

"ಕಾಯಲಿಲ್ಲ," ಅಂದಳು.

"ಕುಂಕುಮ?"

ಅವಳ ಕೈ ನಿಂತಿತು. "ಯಾರಂದ್ರು ಕುಂಕುಮ ಅಂತ? ನನ್ನ ಗಂಡ ಸತ್ತು ಆರು ವರ್ಷಾತು ಸಾಹೇಬ್ರ. ಕುಂಕುಮದ ಬಟ್ಟಲ ನಾ ಮುಟ್ಟಾಂಗಿಲ್ಲ."

ಫೋಟೋ ತೋರಿಸಿದೆ. ಬೋರ್ಡಿನ ಮೂಲೆಯಲ್ಲಿ ಹೆಬ್ಬೆರಳಿನ ಗುರುತು. ರಕ್ತದಂಥ ಕೆಂಪು.

ಅವಳು ಬಹಳ ಹೊತ್ತು ನೋಡಿದಳು.

"ಬೆರಳು ನಂದ. ಬಣ್ಣ ನಂದಲ್ಲ."

"ಅಂದ್ರ?"

"ನಿಮ್ಮ ಮನ್ಯಾಗ ಆರತಿ ಮಾಡೂದಿಲ್ಲೇನ್ರಿ? ಅರಿಷಿಣದ ನೀರಿಗಿ ಸುಣ್ಣ ಹಾಕಿದ್ರ ಏನಾಗತದ?"

"ಕೆಂಪಗಾಗತದ."

"ಅರಿಷಿಣ ಹತ್ತಿದ ಸೀರಿಗಿ ಸಾಬೂನ ಹಚ್ಚಿದ್ರ?"

"ಕೆಂಪಗಾಗತದ."

"ಹಂಗಾದ್ರ ನನ್ನ ಭಂಡಾರಕ್ಕ ಏನು ಹತ್ಯದ, ಅದನ್ನ ಹುಡುಕ್ರಿ. ನೀವು ಕಾಲೇಜ್ ಕಲತವ್ರಂತ."

ಸೆರಗಿನ ಗಂಟು ಬಿಚ್ಚಿ ಒಂದು ಪುಟ್ಟ ಪೊಟ್ಟಣ ಕೊಟ್ಟಳು. "ಉಳದದ್ದು ಇಷ್ಟ. ಇಟ್ಕೋರಿ."

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಮೂರು ವರ್ಷ ಓದಿದವನಿಗೆ ಹೊಳೆಯದ್ದು ಸೀರೆ ಒಗೆಯುವವಳಿಗೆ ಹೊಳೆದಿತ್ತು.

ಈಗ ಫ್ಲಕ್ಸ್ ಎಂದರೇನು ಎಂದು ಎರಡು ಮಾತು ಹೇಳಬೇಕು. ಅದು ರಾಳ ಕರಗಿಸಿದ ಒಂದು ದ್ರಾವಣ. ಬೋರ್ಡಿಗೆ ಮೊದಲು ಅದನ್ನು ಬಳಿಯುತ್ತಾರೆ. ಅದು ತಾಮ್ರದ ಕಿಲುಬು ತಿಂದರೆ ಮಾತ್ರ ಬೆಸುಗೆ ಹತ್ತುತ್ತದೆ. ಬೆಸುಗೆ ಹತ್ತಿದ ಮೇಲೆ ಫ್ಲಕ್ಸಿಗೆ ಕೆಲಸವಿಲ್ಲ. ಆದರೆ ಅದು ಮನೆಗೆ ಹೋಗುವುದಿಲ್ಲ. ಅಲ್ಲೇ ಅಂಟಿಕೊಂಡು ಕೂರುತ್ತದೆ. ಕಿಲುಬು ತಿನ್ನುವ ಚಟ ಬಿಟ್ಟಿರುವುದಿಲ್ಲ. ತೊಳೆದು ತೆಗೆಯಬೇಕು.

ಮೊದಲು ಇಲ್ಲಿ ಅದನ್ನು ಒಂದು ಆವಿಯ ರಾಸಾಯನಿಕದಲ್ಲಿ ತೊಳೆಯುತ್ತಿದ್ದರು. ಅದ್ದಿ ತೆಗೆದರೆ ಸಾಕು, ತಾನೇ ಒಣಗುತ್ತಿತ್ತು. ಆಕಾಶದ ಓಝೋನ್ ಪದರ ತೂತು ಬೀಳುತ್ತದೆ ಎಂದು ಅದು ಸಿಗುವುದು ನಿಂತಿತು. ಬದಲಿಗೆ ಕ್ಷಾರದ ಸಾಬೂನು ನೀರು ಬಂತು. ಸಾಬೂನು ಫ್ಲಕ್ಸನ್ನು ತೆಗೆಯುತ್ತದೆ. ಸಾಬೂನನ್ನು ತೆಗೆಯುವುದು ಯಾರು? ಉಪ್ಪಿನಂಶವೆಲ್ಲ ತೆಗೆದ ಶುದ್ಧ ನೀರು. ಎರಡು ಸಲ. ಎರಡು ತೊಟ್ಟಿ.

ತೊಳೆಯುವ ಕೋಣೆಗೆ ಹೋದೆ.

ಎರಡೂ ತೊಟ್ಟಿ ಒಣಗಿದ್ದವು. ಒಂದರಲ್ಲಿ ಯಾರೋ ತೊಯ್ದ ಛತ್ರಿ ಬಿಚ್ಚಿಟ್ಟಿದ್ದರು. ನೀರು ಶುದ್ಧಮಾಡುವ ಯಂತ್ರಕ್ಕೆ 'ಬಂದ್' ಎಂಬ ಚೀಟಿ. ತಾರೀಖು ಏಪ್ರಿಲ್‌ನದು. ಮೂಲೆಯಲ್ಲಿ ಒಂದು ಬಕೆಟ್ಟು. ಬೋರ್ಡುಗಳನ್ನು ಅದರಲ್ಲಿ ಒಮ್ಮೆ ಅದ್ದಿ ಒಣಗಿಸುತ್ತಿದ್ದರು. ಬಕೆಟ್ಟಿನ ನೀರು ಬೆರಳಿಗೆ ಜಾರುತ್ತಿತ್ತು.

ಸಾಬೂನಿನ ಮೇಲೆ ಸಾಬೂನು. ಮಳೆಯ ತೇವ ಹೀರಿದರೆ ಅದೇ ಕರೆಂಟು ಹರಿಸುತ್ತದೆ.

ಗೋದಾಮಿಗೆ ಹೋಗಿ ಮೂರು ಬೋರ್ಡು ಎತ್ತಿದೆ. ಒಂದು ಹಳೆಯದು, ಆವಿಯಲ್ಲಿ ತೊಳೆದದ್ದು. ಒಂದು ಹೊಸದು, ಭಂಡಾರ ತಾಗದ್ದು. ಮೂರನೆಯದು ಯಮನವ್ವನ ನಲವತ್ತರಲ್ಲಿ ಉಳಿದ ಒಂದು, ಪ್ಲಾಸ್ಟಿಕ್ ಚೀಲದಲ್ಲಿ ತೇವ ತಾಗದೆ ಬೆಚ್ಚಗೆ ಕೂತು ಬೊಟ್ಟು ಇನ್ನೂ ಹಳದಿಯಾಗೇ ಇದ್ದದ್ದು. ಅಲ್ಲೇ ಇದ್ದ ರವಾನೆ ಪುಸ್ತಕವನ್ನೂ ತಿರುವಿಹಾಕಿದೆ. ಒಂದು ಸಾಲು ಬಹಳ ರುಚಿಯಾಗಿತ್ತು.

ಬೋರ್ಡುಗಳನ್ನು ಹೊರಗೆ ಬೈಕಿನ ಊಟದ ಚೀಲಕ್ಕೆ ಸೇರಿಸಿದೆ. ಆಗಲೇ ಹೊರಟುಬಿಡಬೇಕಿತ್ತು. ಬಕೆಟ್ಟಿನ ನೀರೂ ಒಂದು ಬಾಟಲಿ ಇರಲಿ ಎಂದು ಒಳಗೆ ಬಂದೆ. ಆಸೆ ಕೆಟ್ಟದ್ದು. ಪ್ರಲ್ಹಾದ ಬಾಗಿಲಲ್ಲೇ ಇದ್ದ.

ಹಾಗಾಗಿ ನಾನು ಬೆಸುಗೆಯ ಕೊಳಕ್ಕೆ ಮುಖ ಮಾಡಿ ಬಾಗಿದ್ದೆ.

"ಕಡೀ ಸಲ ಕೇಳ್ತೀನಿ," ಅಂದ ಪ್ರಲ್ಹಾದ.

ಬಲಗಾಲಿನ ಹತ್ತಿರ ಫ್ಲಕ್ಸಿನ ಡಬ್ಬಿ ಇತ್ತು. ಫ್ಲಕ್ಸಿನಲ್ಲಿ ರಾಳ ಕಡಿಮೆ, ಸ್ಪಿರಿಟ್ ಹೆಚ್ಚು. ಪಕ್ಕದಲ್ಲಿ ಇನ್ನೂರೈವತ್ತು ಡಿಗ್ರಿ. ಪ್ರಲ್ಹಾದನಿಗೆ ಕುಸ್ತಿ ಗೊತ್ತಿತ್ತು, ಈ ಲೆಕ್ಕ ಹೊಳೆದಿರಲಿಲ್ಲ.

ಒದ್ದೆ.

ಡಬ್ಬಿ ಉರುಳಿತು. ಯಂತ್ರದ ಬುಡದ ಹೀಟರಿಗೆ ಫ್ಲಕ್ಸ್ ಚಿಮ್ಮಿತು. ಭಗ್ಗೆಂದು ನೀಲಿ ಜ್ವಾಲೆ ಎದ್ದಿತು. ಪ್ರಲ್ಹಾದ ಎರಡೂ ಕೈಯಿಂದ ತನ್ನ ಕಣ್ಣು ಮುಚ್ಚಿಕೊಂಡ. ಅಂದರೆ ನನ್ನ ಕತ್ತು ಬಿಟ್ಟ.

ಓಡಿದೆ. ಎಡ ಹುಬ್ಬು ಅಲ್ಲೇ ಉಳಿಯಿತು.

ಬೈಕ್ ಎರಡನೇ ಒದೆತಕ್ಕೆ ಎದ್ದಿತು. ಗೇಟು ದಾಟುವಾಗ ಕನ್ನಡಿಯಲ್ಲಿ ನೋಡಿದೆ. ಜೀಪು ಹೊರಟಿತ್ತು. ಬೆಂಕಿ ಆರಿಸಲು ಬೇರೆಯವರನ್ನು ಬಿಟ್ಟು ಪ್ರಲ್ಹಾದ ತಾನೇ ಓಡಿಸುತ್ತಿದ್ದ.

ಮಳೆ. ಗುಂಡಿ. ರಸ್ತೆ ಎಲ್ಲಿ, ಕೆರೆ ಎಲ್ಲಿ ಗೊತ್ತಾಗುತ್ತಿರಲಿಲ್ಲ. ಮೊದಲ ತಿರುವಿನಲ್ಲಿ ಜೀಪು ನನ್ನ ಹಿಂದಿನ ಚಕ್ರಕ್ಕೆ ಮುತ್ತಿಟ್ಟಿತು. ಬೈಕ್ ಓಲಾಡಿತು. ಊಟದ ಚೀಲ ಮೊಣಕಾಲಿಗೆ ಬಡಿಯಿತು. ಚೀಲವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

ಮುಂದೆ ಎಮ್ಮೆಗಳು.

ಇಪ್ಪತ್ತು, ಮೂವತ್ತು... ರಸ್ತೆ ಪೂರ್ತಿ ಅವುಗಳದೇ. ಅವಸರವಿಲ್ಲದ ಪ್ರಾಣಿ. ನಾನು ಎರಡು ಎಮ್ಮೆಗಳ ಹೊಟ್ಟೆಯ ನಡುವೆ ನುಸುಳಿದೆ. ಅಂಗಿಗೆ ಸಗಣಿ ಬಂತು, ಆಚೆ ಕಡೆ ಬಂದೆ. ಜೀಪು ಬರಲಿಲ್ಲ. ಹಾರ್ನು ಮಾತ್ರ ಬಹಳ ಹೊತ್ತು ಕೇಳಿಸಿತು.

ನಿಗಡಿಯ ಬಸ್ ಸ್ಟ್ಯಾಂಡ್ ಹತ್ತಿರ ಕಾಂತಪ್ಪನ ಹೋಟೆಲು. ಬೆಳ್ತಂಗಡಿ ಕಡೆಯವನು. ನನ್ನ ನಾಲ್ಕು ವರ್ಷದ ಊಟ ಅಲ್ಲೇ.

ಕಾಂತಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂಥದು ಮಾರಾಯ, ಒಂದು ಹುಬ್ಬು ಎಲ್ಲಿ?"

"ಬಿಟ್ಟು ಬಂದೆ. ಕಾಂತಣ್ಣ, ಇಡ್ಲಿ ಪಾತ್ರೆ ಬೇಕು."

"ಇಡ್ಲಿ ಬೇಕಾ, ಪಾತ್ರೆ ಬೇಕಾ?"

"ಪಾತ್ರೆ. ಮತ್ತೆ ಅದರಲ್ಲಿ ಇಡ್ಲಿ ಮಾಡುವ ಹಾಗಿಲ್ಲ. ಸೀಸ ತಾಗುತ್ತದೆ."

"ಹಳೆಯದು ಒಂದುಂಟು, ಮುಚ್ಚಳ ಸೊಟ್ಟ. ಹೆಲ್ತ್‌ನವರು ಬಂದರೆ ನೀನು ಯಾರು ಅಂತ ನನಗೆ ಗೊತ್ತಿಲ್ಲ, ಆಯ್ತಾ?"

ಪಕ್ಕದ ಬ್ಯಾಟರಿ ಅಂಗಡಿಯಿಂದ ಎರಡು ಬ್ಯಾಟರಿ ಬಂದವು. ಹಳೆಯ ಬೋರ್ಡಿಗೆ ನಾನೇ ಯಮನವ್ವನ ಪೊಟ್ಟಣದಿಂದ ಒಂದು ಬೊಟ್ಟು ಇಟ್ಟೆ. ಮೂರು ಬೋರ್ಡನ್ನೂ ಮೂರು ತಟ್ಟೆಯಲ್ಲಿ ಮಲಗಿಸಿ, ಹನಿ ಬೀಳದಂತೆ ಮೇಲೆ ಬಟ್ಟೆ ಕಟ್ಟಿ, ವೈರು ಹೊರಗೆ ಎಳೆದೆ. ಪ್ರತಿ ಬೋರ್ಡಿನಲ್ಲೂ ಒಂದು ರಿಲೇ ಇರುತ್ತದೆ. ಬಾಗಿಲು ಮುಚ್ಚಿತು ಎಂದು ವೈರಿನಲ್ಲಿ ಸುದ್ದಿ ಬಂದಾಗ ಅದು 'ಟಕ್' ಅನ್ನುತ್ತದೆ. ಲಿಫ್ಟು ಹೊರಡುತ್ತದೆ. ನಾನು ಬಾಗಿಲಿನ ವೈರನ್ನು ಜೋಡಿಸಲೇ ಇಲ್ಲ. ಅಂದರೆ ಯಾವುದೂ ಸದ್ದು ಮಾಡಬಾರದು.

ಸಣ್ಣ ಉರಿ. ಪುಣೆಯ ಮೂರು ವಾರದ ಮಳೆಯನ್ನು ಹತ್ತು ನಿಮಿಷದಲ್ಲಿ ತರಬೇಕಿತ್ತು.

ಆರನೇ ನಿಮಿಷ... ಟಕ್.

"ಯಾವುದು?" ಅಂದ ಕಾಂತಪ್ಪ.

ಭಂಡಾರವಿದ್ದ ಹೊಸ ಬೋರ್ಡು.

"ಹಾಗಾದರೆ ಆ ಹೆಂಗಸಿನದೇ ತಪ್ಪಲ್ಲವಾ?"

ನಾನು ಗಡಿಯಾರ ನೋಡಿದೆ. ಏಳನೇ ನಿಮಿಷ... ಏನಿಲ್ಲ. ಎಂಟು...

ಟಕ್.

ಭಂಡಾರವೇ ಇಲ್ಲದ ಹೊಸ ಬೋರ್ಡು. ಬಾಗಿಲಿಲ್ಲ, ವೈರಿಲ್ಲ, ದೇವರಿಲ್ಲ. ಆದರೂ ಬಾಗಿಲು ಮುಚ್ಚಿದೆ ಅನ್ನುತ್ತಿತ್ತು.

ಹೆಗಲ ಮೇಲೆ ಒಂದು ಕೈ ಬಿತ್ತು. ಗುರುತಿದ್ದ ಕೈ.

ಪ್ರಲ್ಹಾದ. ಬೈಕನ್ನು ಹೊರಗೆ ನಿಲ್ಲಿಸಿದ್ದು ನನ್ನ ದಡ್ಡತನ. ಅವನ ಎರಡೂ ಹುಬ್ಬು ಹೋಗಿದ್ದವು. ಕಾಂತಪ್ಪ ಕುದಿಯುವ ಸಾಂಬಾರಿನ ಸೌಟು ಎತ್ತಿಕೊಂಡು ಬಂದು ನನ್ನ ಪಕ್ಕ ನಿಂತ.

"ಅಣ್ಣ, ಕೈ ತೆಗಿ. ಇದು ಸಾರು, ತುಂಬ ಬಿಸಿ ಉಂಟು."

ಊಟದ ಹೊತ್ತು. ನಲವತ್ತು ಗಿರಾಕಿಗಳು ತಟ್ಟೆ ಬಿಟ್ಟು ನೋಡುತ್ತಿದ್ದರು. ಪ್ರಲ್ಹಾದ ಕೈ ತೆಗೆಯಲಿಲ್ಲ. ಆದರೆ ಅವನ ಕಣ್ಣು ಪಾತ್ರೆಯ ಮೇಲಿತ್ತು. ನಾನು ಮುಚ್ಚಳ ತೆಗೆದೆ.

ಹೊಸ ಬೋರ್ಡಿನ ಹಳದಿ ಬೊಟ್ಟು ಕೆಂಪಗೆ ತಿರುಗಿತ್ತು. ಹಳೆಯ ಬೋರ್ಡಿನ ಬೊಟ್ಟು ಹಳದಿಯಾಗೇ ಇತ್ತು. ಅದರ ರಿಲೇ ಕಡೆಯವರೆಗೂ ಸದ್ದು ಮಾಡಲಿಲ್ಲ.

"ಒಂದ ಭಂಡಾರ," ಅಂದೆ. "ಒಂದ ಕೈ. ಸಾಬೂನ ಇದ್ದಲ್ಲಿ ಕೆಂಪ, ಇಲ್ಲದಲ್ಲಿ ಹಳದಿ. ನಿನ್ನ ಲೈನ್, ಪ್ರಲ್ಹಾದ. ನೀನ ಹೇಳು."

ಅವನು ಬೆಂಚಿನ ಮೇಲೆ ಕುಸಿದ. ಬೆಂಚು ಕಿರುಗುಟ್ಟಿತು.

"ಏಪ್ರಿಲ್‌ದಾಗ ಹೇಳಿದ್ದೆ ಸಾಹೇಬ್ರಿಗಿ. ತೊಟ್ಟಿ ಬಂದ್ ಮಾಡಬ್ಯಾಡ್ರಿ ಅಂದಿದ್ದೆ. ಡೆಲಿವರಿ ತಡಾ ಆಗತದ, ಬಕೆಟ್‌ದಾಗ ಅದ್ದು ಅಂದ್ರು. ಅದ್ದಿದೆ."

"ಇದನ್ನ ನಾಲ್ಕಕ್ಕ ಹೇಳ್ತೀಯೇನು?"

"ಇಲ್ಲ. ನನಗ ಮೂರು ಮಕ್ಳು." ಎದ್ದ. "ನೀ ನನಗ ಸಿಗಲೇ ಇಲ್ಲ ಅಂತೀನಿ. ಅಷ್ಟ ಮಾಡ್ತೀನಿ."

ಜೀಪು ಹೋಯಿತು. ಕಾಂತಪ್ಪ ಸೌಟು ಇಳಿಸಿದ.

"ಅವನಿಗೊಂದು ಕಾಫಿ ಕೊಡಬಹುದಿತ್ತು," ಅಂದ.

ನಾಲ್ಕಕ್ಕೆ ಐದು ನಿಮಿಷವಿದ್ದಾಗ ಬಸವಪ್ರಭು ಅವರ ಕೋಣೆಯ ಬಾಗಿಲು ತಳ್ಳಿದೆ. ಇನ್‌ಸ್ಪೆಕ್ಟರ್ ಕೂತಿದ್ದರು. ಯಮನವ್ವ ನಿಂತಿದ್ದಳು. ಅವಳ ಮುಂದೆ ಮರಾಠಿಯಲ್ಲಿ ಟೈಪ್ ಮಾಡಿದ ಹಾಳೆ, ಕೈಯಲ್ಲಿ ಪೆನ್ನು. ಪೆನ್ನು ಹಾಳೆಯ ಹತ್ತಿರ ಹೋಗಿ ನಿಂತಿತ್ತು.

"ಸಹಿ ಮಾಡಬ್ಯಾಡ," ಅಂದೆ.

"ನಾ ಎಲ್ಲಿ ಮಾಡೀನ್ರಿ? ತಾಸಿನಿಂದ ಹಿಂಗ ಹಿಡದೀನಿ. ಕೈ ಸೋತದ."

ಮುಂದಿನ ಮಾತೆಲ್ಲ ಮರಾಠಿಯಲ್ಲಿ ನಡೆಯಿತು. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

ಮೂರು ಬೋರ್ಡನ್ನು ಮೇಜಿನ ಮೇಲಿಟ್ಟು ಆದದ್ದನ್ನೆಲ್ಲ ಹೇಳಿದೆ. ಇನ್‌ಸ್ಪೆಕ್ಟರ್ ಗಮನವಿಟ್ಟು ಕೇಳಿದರು. ಬಸವಪ್ರಭು ನಕ್ಕರು.

"ಸಾಹೇಬರೇ, ಇವನು ಇಡ್ಲಿ ಪಾತ್ರೆಯಲ್ಲಿ ವಿಜ್ಞಾನ ಬೇಯಿಸಿಕೊಂಡು ಬಂದಿದ್ದಾನೆ. ಭಂಡಾರ ತಾಗಿದ ಬೋರ್ಡು ಕೆಟ್ಟಿದೆ. ಉಳಿದ ನನ್ನ ಬೋರ್ಡುಗಳೆಲ್ಲ ಬಂಗಾರ."

"ಎಲ್ಲ ಬಂಗಾರವೇ?" ಅಂದೆ.

"ಎಲ್ಲವೂ."

"ಮೇ ತಿಂಗಳಲ್ಲಿ ಮಾಡಿದವೂ?"

"ಅವೂ."

"ನಿಮ್ಮ ರವಾನೆ ಪುಸ್ತಕದಲ್ಲಿ ಮೇ ಹತ್ತನೇ ತಾರೀಖಿನ ಸಾಲಿದೆ. ಒಂದು ಬೋರ್ಡು, ಕೋಥರೂಡಿಗೆ, ಮಾಲೀಕರ ಮನೆಯಿರುವ ಬಿಲ್ಡಿಂಗಿನ ಲಿಫ್ಟಿಗೆ. ಯಮನವ್ವ ಜೇಜುರಿಗೆ ಹೋದದ್ದು ಜೂನ್‌ನಲ್ಲಿ. ಆ ಬೋರ್ಡಿಗೆ ಭಂಡಾರ ತಾಗಿಲ್ಲ. ಅದು ಶುದ್ಧ ಬಂಗಾರ."

ಬಸವಪ್ರಭು ಅವರ ನಗು ಅರ್ಧಕ್ಕೆ ನಿಂತಿತು.

"ಇನ್‌ಸ್ಪೆಕ್ಟರ್ ಸಾಹೇಬರ ಜೀಪಿನಲ್ಲಿ ಹೋಗೋಣ. ನೀವು, ನಾನು. ಬಾಗಿಲು ತೆರೆದಿಟ್ಟು ಹೊಸ್ತಿಲಿನಲ್ಲಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ನಿಲ್ಲೋಣ. ಹತ್ತು ನಿಮಿಷ ಸಾಕು. ಲಿಫ್ಟು ಅಲುಗದಿದ್ದರೆ ನಿಮಗೆ ಬೇಕಾದ ವರದಿ ನಾನೇ ಬರೆದು ಸಹಿ ಹಾಕುತ್ತೇನೆ."

ಹೊರಗೆ ಮಳೆ ಹೊಯ್ಯುತ್ತಿತ್ತು.

"ನನಗೆ ಮಂಡಿನೋವು," ಅಂದರು ಬಸವಪ್ರಭು.

"ಅದಕ್ಕೇ ಆರು ಮಹಡಿ ಹತ್ತಿ ಹೋಗುತ್ತೀರಾ? ಹೆಂಡತಿ, ಮಗಳನ್ನೂ ಹತ್ತಿಸುತ್ತೀರಾ?"

ಇನ್‌ಸ್ಪೆಕ್ಟರ್ ಟೋಪಿ ಎತ್ತಿಕೊಂಡರು. "ಚಲಾ, ನಡೆಯಿರಿ," ಅಂದರು. "ನಾನೂ ನೋಡುತ್ತೇನೆ."

ಬಸವಪ್ರಭು ಏಳಲಿಲ್ಲ.

ಆಗ ಯಮನವ್ವ ಮಾತಾಡಿದಳು. ಕನ್ನಡದಲ್ಲೇ. ಜೋರಾಗೇನೂ ಅಲ್ಲ.

"ಏಳ್ರಿ ಸಾಹೇಬ್ರ. ಅವರ್ಯಾಕ, ನಿಮ್ಮ ಜೋಡಿ ನಾ ನಿಲ್ತೀನಿ. ನಿಮ್ಮ ಕಾಲಿನ ಮುಂದ ನನ್ನ ಕಾಲು ಇಡ್ತೀನಿ. ಏಳ್ರಿ."

ಅವರು ಅವಳ ಮುಖ ನೋಡಲಿಲ್ಲ. ಕಿಟಕಿ ನೋಡಿದರು. ಇನ್‌ಸ್ಪೆಕ್ಟರ್‌ಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅರ್ಥವಾಯಿತು. ಹಾಳೆಯನ್ನು ಎಳೆದು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಸಹಿಯಿಲ್ಲದ ಆ ಹಾಳೆಯೂ ಈಗ ಮಾಲೀಕರ ವಿರುದ್ಧ ಒಂದು ಸಾಕ್ಷಿಯೇ. ಆಮೇಲೆ ಫೋನ್ ಎತ್ತಿ ಏಪ್ರಿಲ್‌ನಿಂದೀಚಿನ ಬೋರ್ಡುಗಳಿದ್ದ ಅಷ್ಟೂ ಲಿಫ್ಟುಗಳಿಗೆ ಬೀಗ ಹಾಕಲು ಹೇಳಿದರು.

ಯಮನವ್ವ ಪೆನ್ನನ್ನು ಮೇಜಿನ ಮೇಲಿಟ್ಟಳು. ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು.

"ಬೊಟ್ಟು ಇಟ್ಟದ್ದು ತಪ್ಪೇನ್ರಿ?" ಹೊರಗೆ ಬಂದಾಗ ಕೇಳಿದಳು.

"ತಪ್ಪ. ತೊಳೆದ ಬೋರ್ಡಿಗೆ ಬರೀ ಬೆರಳೂ ತಾಗಬಾರದು."

"ಹಂಗಾದ್ರ ಇನ್ನ ಇಡೂದಿಲ್ಲ," ಅಂದಳು. ಸ್ವಲ್ಪ ತಡೆದು, "ಆದ್ರ ಮೈಲಾರಲಿಂಗ ಖರೇ ತೋರಿಸಿದ ನೋಡ್ರಿ."

ನನ್ನ ಮೀಟರಿನಲ್ಲಿ ಅದನ್ನು ಅಳೆಯುವ ಮುಳ್ಳು ಇಲ್ಲ.

ಭೋಸರಿಯ ಯಾವ ಕಾರ್ಖಾನೆಯವರೂ ಆಮೇಲೆ ಒಂದು ವರ್ಷ ನನ್ನನ್ನು ಕರೆಯಲಿಲ್ಲ. ಹೊಸ ಬೋರ್ಡು ಬರುವ ತನಕ, ಎರಡು ತಿಂಗಳು, ಅರ್ಧ ಕೋಥರೂಡು ಮೆಟ್ಟಿಲು ಹತ್ತಿತು. ತರಕಾರಿ ಚೀಲ ಹೊತ್ತು, ಗ್ಯಾಸ್ ಸಿಲಿಂಡರ್ ಹೊತ್ತು, ಒಂದೊಂದು ಮಹಡಿಗೂ ನಿಂತು ನನ್ನ ಹೆಸರು ಹಿಡಿದು ಬೈದರಂತೆ.

ಬೈಯಲಿ. ಎರಡೂ ಕಾಲಿನ ಮೇಲೆ ನಿಂತು ಬೈದರಲ್ಲ.